ಕರಿಯಣ್ಣನ ಬಿಕ್ಕು

ಮೂಕಮ್ಮನ ಹೆಣವನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಗಂಡ ಕರಿಯಣ್ಣ ಅದರ ಮುಂದೆ ಕುಸಿದು, ಹಣೆ ಬಡಿದುಕೊಂಡು, "ನನ್ನ ಬಿಟ್ಟು ಹೋದ್ಯಲ್ಲೇ" ಎಂದ. ಬಿಕ್ಕು ಗಂಟಲಲ್ಲಿ ಸಿಕ್ಕಿಕೊಂಡು ಕೀರಲು ದನಿಯಾಗಿ ಹೊರಬಿತ್ತು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

ಒಬ್ಬರು ನಕ್ಕರೆ ಮುಗಿಯಿತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರೂ ಭುಜ ಕುಣಿಯುವುದು ಕಾಣುತ್ತಿತ್ತು. ಆನವಟ್ಟಿಯಿಂದ ಬಂದ ಬೀಗರು ಮುಖ ತಿರುಗಿಸಿಕೊಂಡರು.

ತಾಳಗುಂದದ ಜನ ಕಟುಕರೇನಲ್ಲ. ಆದರೆ ಇದೇ ಹಣೆಬಡಿತ, ಇದೇ ಮಾತು, ಇದೇ ಬಿಕ್ಕನ್ನು ಅವರು ವರ್ಷಗಟ್ಟಲೆ ನೋಡಿದ್ದರು. ಶಿಕಾರಿಪುರ, ಸೊರಬದ ಕಡೆ ಎಲ್ಲಿ ನಾಟಕವಾದರೂ ಹೆಂಡತಿ ಓಡಿಹೋದ ಪೆದ್ದನ ಪಾರ್ಟು ಕರಿಯಣ್ಣನಿಗೇ. ಅವನು ಅತ್ತರೆ ಶಿಳ್ಳೆ, ಒನ್ಸ್ ಮೋರ್. ಒಮ್ಮೆ ಕುಪ್ಪಗಡ್ಡೆಯಲ್ಲಿ ಹಟಮಾಡಿ ರಾಜನ ಪಾರ್ಟು ಹಾಕಿದ. ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತ; ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ನಾಟಕದ ಮೇಷ್ಟ್ರು ಅವನಿಗೆ ಬೇರೆ ಪಾರ್ಟು ಕೊಡಲೇ ಇಲ್ಲ. ಆವತ್ತು ನಗದೆ ಅತ್ತವಳು ಮೂಕಮ್ಮ ಒಬ್ಬಳೇ. ಈಗ ಪಾಪ ಅವನಿಗೆ ಬೇಕಿದ್ದುದು ಇಷ್ಟೇ, ಅವಳಿಗಾಗಿ ಒಮ್ಮೆ ಬಾಯಿಬಿಟ್ಟು ಅಳುವುದು.

ಮಗಳು ನಾಗವೇಣಿ ಬಂದು ಅವನ ರಟ್ಟೆ ಹಿಡಿದಳು. "ಸುಮ್ಕಿರಪ್ಪಾ. ಮಂದಿ ನಗ್ತಾ ಅದಾರೆ. ಅವ್ವಗೆ ಇವತ್ತೊಂದಿನ ಮರ್ಯಾದಿ ಇರ್ಲಿ."

"ನಂಗೆ ಬ್ಯಾರೆ ಥರ ಅಳಾಕೆ ಬರಂಗಿಲ್ಲಲ್ಲೇ ನಾಗೂ."

"ಹಂಗಾದ್ರೆ ಅಳಬ್ಯಾಡ."

ಕರಿಯಣ್ಣ ಅಳಲಿಲ್ಲ. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕುವಾಗಲೂ ಟವೆಲಿನ ತುದಿ ಕಚ್ಚಿಕೊಂಡೇ ಇದ್ದ. ಹಿಂತಿರುಗುವಾಗ ಬೀಗರಲ್ಲೊಬ್ಬ ಪಕ್ಕದವನಿಗೆ, "ಎಂಥಾ ಮನ್ಷನೋ ಮಾರಾಯ. ಕಟ್ಕೊಂಡೋಳನ್ನ ಮಣ್ಣಿಗಿಟ್ರೂ ಒಂದು ಹನಿ ಕಣ್ಣೀರು ಬರ್ಲಿಲ್ಲ" ಎಂದ. ಅದು ಕರಿಯಣ್ಣನಿಗೂ ಕೇಳಿಸಿತು.

ಅವನು ಮನೆಯ ದಾರಿ ಬಿಟ್ಟು ಕಣದ ಕಡೆ ನಡೆದ. ಅಲ್ಲಿ ಬಾಡಿಗೆ ಮಿಷನ್ನಿನ ಶಿವಶಂಕರ ಒಬ್ಬನೇ ನಿಂತು ಮೆಕ್ಕೆಜೋಳದ ಕೊನೆಯ ತೆನೆಗಳನ್ನು ಬಿಡಿಸುತ್ತಿದ್ದ. ಟ್ರ್ಯಾಕ್ಟರಿಗೆ ಕಟ್ಟಿದ ಆ ಮಿಷನ್ನಿನ ಸದ್ದಿಗೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಕರಿಯಣ್ಣ ಅದರ ಹಿಂದೆ ಹೋಗಿ ನಿಂತ. ಹಣೆ ಬಡಿದುಕೊಂಡು ಬಾಯಿ ತೆರೆದ.

ತೆನೆ ಮುಗಿಯಿತು. ಶಿವಶಂಕರ ಟ್ರ್ಯಾಕ್ಟರ್ ಆಫ್ ಮಾಡಿದ. ಆ ಕೀರಲು ಬಿಕ್ಕು ಒಮ್ಮೆಲೇ ಕಣದ ತುಂಬ ಕೇಳಿಸಿತು. ಕರಿಯಣ್ಣ ಗಾಬರಿಯಾಗಿ ಟವೆಲನ್ನು ಬಾಯಿಗೆ ತುರುಕಿಕೊಂಡ.

ಶಿವಶಂಕರ ಅವನತ್ತ ನೋಡಲಿಲ್ಲ. ಮತ್ತೆ ಕೀ ತಿರುಗಿಸಿದ. ಖಾಲಿ ಮಿಷನ್ ಗಡಗಡ ಓಡತೊಡಗಿತು.