ಬಾನೆಟ್ಟಿನ ಮುಂದೆ

ಬೆಟಗೇರಿಯ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು ಗಿರ್ಮಿಟ್ ತಿನ್ನುತ್ತಲೇ ಕೊಟ್ರಪ್ಪ ತೀರ್ಮಾನ ಮಾಡಿಬಿಟ್ಟಿದ್ದ.

"ಗಾಡಿ ಅಂದ್ರ ಎದಿಮಟ ಎತ್ತರ ಇರಬೇಕು. ಮಂದಿ ನೋಡಿದ ಕೂಡಲೇ ಬಾಜೂ ಸರೀಬೇಕು."

"ಅಂಕಿತಾ ಶಿರಹಟ್ಟಿ ದವಾಖಾನಿಗೆ ಡ್ಯೂಟಿಗೆ ಹೋಗಿ ಬರಾಕ ಬೇಕಪ್ಪಾ. ನಮ್ಮ ಸಣ್ಣ ಓಣ್ಯಾಗ ಗಾಡಿ ಹೊಳ್ಳಿ ತಿರುಗಿದ್ರ ಸಾಕು," ಎಂದಳು ಅಕ್ಕ ಗುರುಸಿದ್ದವ್ವ.

ಅವಳ ಮಗಳು ಅಂಕಿತಾ ನರ್ಸು. ಲೈಸೆನ್ಸು ಹೊಸದಾಗಿ ಕೈಗೆ ಬಂದಿತ್ತು. ತಂದೆ ಇಲ್ಲದ ಹುಡುಗಿಗೆ ಸೋದರಮಾವನೇ ಹಿರಿಯ. ಗದಗಿನ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಕೊಟ್ರಪ್ಪನಿಗೆ ಮಾತಿಗಿಂತ ಕೈ ಮುಂದು. ಹಮಾಲನ ಕಪಾಳಕ್ಕೆ ಬಾರಿಸಿದ್ದು, ಕಂಡಕ್ಟರನ ಕೊರಳಪಟ್ಟಿ ಹಿಡಿದು ಬಸ್ಸಿನಿಂದ ಎಳೆದದ್ದು, ಎಲ್ಲವನ್ನೂ ಮದುವೆ ಮನೆಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಚಿಕ್ಕವಳಿದ್ದಾಗ ಅಂಕಿತಾಳೂ ನಕ್ಕಿದ್ದಳು.

ಹಳೆಯ ಕಾರು ಮಾರುವ ವೀರೇಶನ ಅಂಗಳದಲ್ಲಿ ಕೊಟ್ರಪ್ಪ ಸಣ್ಣ ಕಾರುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ದೊಡ್ಡದೊಂದು ಕರಿ ಜೀಪಿನ ಬಾಗಿಲು ತೆಗೆದು, "ಹತ್ತು, ಓಡಿಸಿ ನೋಡು," ಎಂದ. ಅಂಕಿತಾ ಸೀಟು ಮುಂದೆ ಸರಿಸಿದಳು, ಮೇಲೆತ್ತಿದಳು. ಆದರೂ ಮೈ ಬಿಗಿಹಿಡಿದೇ ಕೂರಬೇಕಾಯಿತು.

ಮುಂಡರಗಿ ರಸ್ತೆಯಲ್ಲಿ ಊರು ದಾಟಿದ ಮೇಲೆ ಮುಂದೊಂದು ಬೈಕು ಸಿಕ್ಕಿತು. ಓಡಿಸುವವನ ಬೆನ್ನಿಗೆ ಆತುಕೊಂಡು ಹೆಂಡತಿ ಕುಳಿತಿದ್ದಳು. ರಸ್ತೆಯ ಅಂಚು ಕಿತ್ತುಹೋಗಿ ಹೊಂಡಗಳಾಗಿದ್ದರಿಂದ ಬೈಕು ನಟ್ಟನಡುವೆ ಮೆಲ್ಲಗೆ ಸಾಗುತ್ತಿತ್ತು.

"ಹಾರ್ನ್ ಹೊಡಿ."

"ಹೊಡದೇನ್ರಿ ಮಾಮಾ. ಮುಂದ ರಸ್ತೆ ಅಗಲ ಐತಿ, ಅಲ್ಲಿ ದಾಟತೇನಿ."

"ಇಂಥಾ ಗಾಡ್ಯಾಗ ಕುಂತು ಅವನ ಹಿಂದ ಹೋಗೂದೇನು?" ಎಂದ ಕೊಟ್ರಪ್ಪ ತಾನೇ ಕೈ ಚಾಚಿ ಹಾರ್ನ್ ಒತ್ತಿ, ಒತ್ತಿಯೇ ಹಿಡಿದ. ಬೈಕು ಬೆದರಿದಂತೆ ಓಲಾಡಿ ಹೊಂಡಕ್ಕಿಳಿಯಿತು. ಹೆಂಡತಿ ಜಾರಿ ಕೆಳಗೆ ಬಿದ್ದಳು. ಅಂಕಿತಾ ಬ್ರೇಕ್ ಒತ್ತಿ ಜೀಪು ನಿಲ್ಲಿಸಿದಳು. ಬೈಕಿನವನು ಗಾಡಿ ಬಿಸಾಕಿ ಓಡಿಬಂದು ಬಾನೆಟ್ಟಿನ ಮೇಲೆ ರಪರಪ ಬಡಿದ.

"ಕೊಲ್ಲಾಕ ಹೊಂಟೀರೇನ?"

ಕೊಟ್ರಪ್ಪ ಇಳಿದವನೇ ಅವನ ಅಂಗಿ ಹಿಡಿದ. ಬೈಕಿನವನ ಮುಷ್ಟಿ ಅವನ ಬಾಯಿಗೆ ಬಿತ್ತು. ನಾಲಿಗೆಗೆ ರಕ್ತದ ರುಚಿ ಹತ್ತಿದ್ದೇ ಕೊಟ್ರಪ್ಪನಿಗೆ ಹಳೆಯ ಹುರುಪು ಏರಿತು. ಸೀಟಿನಡಿ ಕೈಹಾಕಿ ಚಕ್ರ ಬಿಚ್ಚುವ ಕಬ್ಬಿಣದ ಪಾನಾ ಎಳೆದುಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ಮೊಣಕಾಲಿಗೆ. ಆ ಮನುಷ್ಯ ಕುಸಿದು ಕುಳಿತ. ಹೆಂಡತಿ ಹೊಟ್ಟೆ ಹಿಡಿದುಕೊಂಡು ತೆವಳುತ್ತ ಬರುತ್ತಿದ್ದಳು. ಕೊಟ್ರಪ್ಪ ಮತ್ತೆ ಪಾನಾ ಎತ್ತಿದ. ಅದು ಇಳಿಯುವಾಗ ನಡುವೆ ಯಾರೋ ನುಗ್ಗಿದ್ದು ಕಂಡಿತು. ಕೈ ತಡೆಯುವಷ್ಟು ವೇಳೆ ಇರಲಿಲ್ಲ. ಒಣ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು.

ಅಂಕಿತಾಳ ಎಡಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು. ಅವಳು ಮಾವನ ಮುಖವನ್ನೇ ನೋಡಿದಳು. ಹಿಂದೊಮ್ಮೆ ಅವನಿಂದ ಏಟು ತಿಂದಿದ್ದ ಹಮಾಲನೂ ಹಾಗೆಯೇ ನೋಡಿದ್ದಿರಬೇಕು. ಅವನು ಆಗ ಗಮನಿಸಿರಲಿಲ್ಲ.

ಅಷ್ಟರಲ್ಲಿ ಹೊಲಗಳಿಂದ ಜನ ಬಡಿಗೆ ಹಿಡಿದು ಓಡಿಬಂದರು. ಜೀಪಿನ ಗಾಜು ಪುಡಿಯಾಯಿತು. ಕೊಟ್ರಪ್ಪನನ್ನು ಕೆಡವಿ ತುಳಿದರು. ಅವನ ಪಕ್ಕೆಲುಬಿಗೆ ಒದೆ ಬೀಳುತ್ತಿದ್ದಾಗ ಅಂಕಿತಾ ಅಡ್ಡ ಬಂದಳು.

"ಬಿಡ್ರಿ, ಸತ್ತಾನು. ನಾ ನರ್ಸ್ ಅದೇನಿ. ಮೊದಲು ಈ ಅಣ್ಣಾರನ್ನ, ಅಕ್ಕಾರನ್ನ ದವಾಖಾನಿಗೆ ಒಯ್ಯೂಣು."

ಅವಳು ಬಲಗೈ ಮತ್ತು ಹಲ್ಲಿನಿಂದಲೇ ತನ್ನ ದುಪಟ್ಟಾ ಬಿಗಿದು ಬೈಕಿನವನ ತೋಳನ್ನು ಅವನ ಕೊರಳಿಗೆ ಕಟ್ಟಿದಳು. ಬಡಿಗೆಗಳು ತಾವಾಗಿ ಕೆಳಗಿಳಿದವು. ಯಾರೋ ದಾರಿಯಲ್ಲಿ ಹೋಗುತ್ತಿದ್ದ ಟಂಟಂ ಆಟೋ ನಿಲ್ಲಿಸಿದರು. ಹೊಡೆದವನೂ ಹೊಡೆಸಿಕೊಂಡವರೂ ಒಂದರಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಾಯಿತು.

ಬೈಕಿನವನ ಹೆಸರು ಹುಚ್ಚೀರಪ್ಪ. "ಈಕಿಗೆ ಹೊಟ್ಟಿ ಆಪರೇಶನ್ ಆಗೇತಿ, ಹೊಲಿಗಿ ಇನ್ನೂ ಹಸಿ ಅದಾವ," ಎಂದ ನರಳುತ್ತ. "ಹೊಂಡಕ್ಕ ಇಳಿಸಬಾರದಂತ ನಡುವ ಹೊಂಟಿದ್ದೆ. ಆಕಿ ಬಿದ್ದದ್ದು ನೋಡಿ ಸಿಟ್ಟು ತಡೀಲಿಲ್ಲ, ನಾನೂ ಕೈ ಮಾಡಿದೆ."

"ಹೇಳಬೇಕಿತ್ತಲ್ಲ," ಎಂದ ಕೊಟ್ರಪ್ಪ.

"ಯಾವಾಗ ಹೇಳಲಿ, ಯಜಮಾನ್ರ?"

ಕೊಟ್ರಪ್ಪ ಅವನ ಮೊಣಕಾಲಿಗೆ ತಾಗಿದ್ದ ತನ್ನ ಮೊಣಕಾಲನ್ನು ಹಿಂದೆಳೆದುಕೊಂಡ.

ಆಸ್ಪತ್ರೆಗೆ ವೀರೇಶ ಓಡಿಬಂದ. "ಬೈಕ್ ಜಾರಿ ಬಿದ್ದಾರ, ಎತ್ತಾಕ ಹೋಗಿ ಹುಡುಗಿನೂ ಬಿದ್ಲು ಅನ್ರಿ. ಅವರನ್ನ ನಾ ಒಪ್ಪಸ್ತೇನಿ," ಎಂದು ಕೊಟ್ರಪ್ಪನ ಕಿವಿಯಲ್ಲಿ ಉಸುರಿದ. ಪೊಲೀಸಿನವನು ಬಂದು ಏನಾಯಿತೆಂದು ಕೇಳಿದಾಗ ಕೊಟ್ರಪ್ಪ ಅಂಕಿತಾಳತ್ತ ನೋಡಿದ. ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

"ನಾನ ಹೊಡದೇನ್ರಿ," ಎಂದ ಕೊಟ್ರಪ್ಪ. "ಅವರಿಗೂ, ಈ ಹುಡುಗಿಗೂ. ಬರಕೋರಿ."

ಕೇಸಾಯಿತು. ಜಾಮೀನಿನ ಮೇಲೆ ಹೊರಬಂದವನು ಅಕ್ಕನ ಮನೆಯ ಓಣಿಗೆ ಕಾಲಿಡಲಿಲ್ಲ. ಪೇಟೆಯಲ್ಲಿ ಯಾರೋ, "ಮುಂಡರಗಿ ರಸ್ತೆದಾಗ ಭಾಳ ಜೋರ್ ಆತಂತ, ಹೇಳ್ರಲ್ಲ," ಎಂದು ನಗುತ್ತ ಕೇಳಿದರೆ ಎದ್ದು ಹೋಗಿಬಿಡುತ್ತಿದ್ದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಂಕಿತಾಳೇ ಫೋನ್ ಮಾಡಿದಳು.

"ಲಕ್ಷ್ಮೇಶ್ವರದಾಗ ಒಂದು ಗಾಡಿ ಐತಿ. ಬರ್ರಿ ಮಾಮಾ."

"ನಾ ಯಾಕವಾ? ನಾ ಆರಿಸಿದ್ದು ನೋಡಿದೆಲ್ಲ."

"ಆರಿಸಾಕಲ್ರಿ. ಕೆಲಸ ಐತಿ."

ನಿವೃತ್ತ ಮಾಸ್ತರರೊಬ್ಬರ ಮನೆಯ ಮುಂದೆ ಪುಟ್ಟ ಬಿಳಿ ಕಾರು ನಿಂತಿತ್ತು. ಅಂಕಿತಾಳ ಎಡಗೈ ಇನ್ನೂ ಸೊರಗಿತ್ತು. ಅದೇ ಕೈಯಿಂದ ಅವಳು ಸ್ಟಿಯರಿಂಗ್ ತಿರುಗಿಸಿದಳು, ಹಗುರಾಗಿ ತಿರುಗಿತು. ಕ್ಲಚ್ ಒತ್ತಿ ನೋಡಿದಳು. ಹಿಂದಿನ ಸೀಟಿಗೆ ತಾಯಿ ಮೊಣಕಾಲು ನೋವಿಲ್ಲದೆ ಹತ್ತಿಯಾಳೇ ಎಂದು ತಾನೇ ಹತ್ತಿ ಇಳಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿದಳು.

"ಮಾಮಾ, ಗಾಡಿ ಮುಂದ ಹೋಗಿ ಕುಕ್ಕುರಗಾಲಿಲೆ ಕುಂಡ್ರಿ. ನಮ್ಮ ಓಣ್ಯಾಗ ಹುಡುಗರು ರಸ್ತೆದಾಗ ಗೋಲಿ ಆಡತಾವು. ಒಳಗಿಂದ ಕಾಣತೈತೇನು ನೋಡಬೇಕು."

ಕೊಟ್ರಪ್ಪ ಧೋತರ ಮಡಚಿ, ಪಕ್ಕೆ ನೋಯುತ್ತಿದ್ದರೂ ಬಂಪರಿನ ಮುಂದೆ ಮಣ್ಣಿನಲ್ಲಿ ಕುಕ್ಕರಿಸಿದ. ಅವಳು ಎಂಜಿನ್ ಚಾಲೂ ಮಾಡಿದಳು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಅವಳ ಕಾಲು ಬ್ರೇಕಿನ ಮೇಲಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಅಷ್ಟು ಸಣ್ಣ ಗಾಡಿಯೂ ಕೆಳಗಿನಿಂದ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು! ತನ್ನ ಎರಡೂ ಕೈಗಳು ಯಾವಾಗ ಮುಖಕ್ಕೆ ಅಡ್ಡ ಬಂದವೋ ಅವನಿಗೇ ತಿಳಿಯಲಿಲ್ಲ.

ಎಂಜಿನ್ ನಿಂತಿತು.

"ಕಾಣತೀರಿ ಮಾಮಾ," ಎಂದಳು ಒಳಗಿನಿಂದ. "ಚೊಲೋ ಕಾಣತೀರಿ. ಏಳ್ರಿ."

ಅವನು ಮಣ್ಣಿಗೆ ಅಂಗೈ ಊರಿ, ಅಲ್ಲಿಂದಲೇ ಹೇಳಿದ.

"ಇದನ್ನ ತಗೋವಾ."