ಮುಳ್ಳು ನೋಡುತ್ತಾ ನಿಂತವನು

ಮೊದಲ ವಾಕ್ಯದಲ್ಲೇ ಬಾಯ್ಲರ್ ಚೀರಬೇಕೇ, ಅಥವಾ ಹತ್ತು ದಿನದ ಧ್ಯಾನ ಶಿಬಿರ ಮುಗಿಸಿ ಆಪರೇಟರ್ ಬಾಗಿಲಲ್ಲಿ ಚಪ್ಪಲಿ ಬಿಡುವುದರಿಂದ ಶುರು ಮಾಡಲೇ? ಚಪ್ಪಲಿಯ ಡ್ರಾಫ್ಟುಗಳು ಮೂರು ಇದ್ದವು, ಹರಿದುಹಾಕಿದೆ. ಮೂರರಲ್ಲೂ ಅವನ ಮುಖಕ್ಕೆ ಕಾಂತಿ ಬಂದುಬಿಡುತ್ತಿತ್ತು. (ಕಾಂತಿ ಗೀಂತಿ ಏನೂ ಇರಲಿಲ್ಲ. ಶೇವ್ ಮಾಡಿರಲಿಲ್ಲ, ಅಷ್ಟೇ.)

1

ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಮಾತೆತ್ತಿದರೆ ರೇಗುತ್ತಿದ್ದುದರಿಂದ ಎಲ್ಲರಿಗೂ ಸಿಡುಕಣ್ಣ. "ಹೋಗಿ ಬನ್ನಿ, ಹತ್ತು ದಿನ ನನಗಾದ್ರೂ ಶಾಂತಿ ಸಿಗ್ಲಿ" ಎಂದು ಶಿಬಿರಕ್ಕೆ ಅಟ್ಟಿದವಳು ಹೆಂಡತಿ. ಅಲ್ಲಿ ಎರಡು ಕಲಿತ: ಏನೇ ಬಂದರೂ ಸುಮ್ಮನೆ ಗಮನಿಸುವುದು, ಸುಳ್ಳು ಹೇಳದಿರುವುದು.

2

ಸೋಮವಾರ ಡ್ಯೂಟಿ. ಹಳೇ ಬಾಯ್ಲರ್, ಒತ್ತಡ ಹೆಚ್ಚಾದರೆ ಬರ್ನರ್ ತಾನಾಗಿ ಆರುವುದಿಲ್ಲ, ಆರಿಸಬೇಕು. ಮೀಟರಿನ ಮುಳ್ಳು ಏರಿತು. ಎದೆಯಲ್ಲಿ ಗಾಬರಿಯೂ ಏರಿತು. ಅವನು ಗಾಬರಿಯನ್ನು ಗಮನಿಸಿದ. ಅದು ಬಂದ ಹಾಗೇ ಹೋಯಿತು. ಮುಳ್ಳು ಹೋಗಲಿಲ್ಲ. ಸೇಫ್ಟಿ ವಾಲ್ವ್ ತೆರೆದುಕೊಂಡು ಆವಿ ಚೀರಿತು. ಇಸ್ತ್ರಿ ಮಾಡುತ್ತಿದ್ದ ಹೆಂಗಸರು ಕೈಯಲ್ಲಿದ್ದ ಬೆಡ್‌ಶೀಟಿನ ಸಮೇತ ರಸ್ತೆಗೆ ಓಡಿದರು.

ಮ್ಯಾನೇಜರ್ ಕರೆಸಿದರು.

"ಮುಳ್ಳು ನೋಡ್ಲಿಲ್ವೇನ್ರೀ?"

"ನೋಡ್ದೆ ಸರ್."

"ಮತ್ತೆ?"

"ನೋಡ್ತಾನೇ ಇದ್ದೆ."

ಮ್ಯಾನೇಜರ್ ಒಂದು ಫಾರಂ ತಳ್ಳಿದರು. "ಮೀಟರ್ ಕೆಟ್ಟಿತ್ತು ಅಂತ ಬರೀರಿ, ಕೆಲಸ ಉಳಿಯತ್ತೆ. ಐದು ಗಂಟೆಯೊಳಗೆ ಕೊಡಿ."

ಮೀಟರ್ ಕೆಟ್ಟಿತ್ತೆಂದರೆ, ಅದನ್ನು ಪರೀಕ್ಷಿಸಿ ಸಹಿ ಹಾಕಿದ ಫಿಟ್ಟರ್ ಕೆಲಸ ಕಳೆದುಕೊಂಡು ಮನೆಗೆ ಹೋಗಬೇಕು. ಫಿಟ್ಟರ್ ಅವನ ಹೆಂಡತಿಯ ತಮ್ಮ. (ಇದು ನನ್ನ ಕೈವಾಡ. ಬೇರೆ ಯಾರೋ ಆಗಿದ್ದರೆ ನೀವು ಪುಟ ತಿರುವುತ್ತಿದ್ದಿರಿ.)

3: ಒಂದು ಮುಕ್ತಾಯ

ಅವನು ಸುಳ್ಳು ಬರೆಯುತ್ತಾನೆ. ಎರಡು ಸಲ ಬರೆಸಿದೆ. ಎರಡು ಸಲವೂ ಹೊಡೆದುಹಾಕಿದ.

3: ಇನ್ನೊಂದು

ನಿಜ ಬರೆದು ಕೆಲಸ ಕಳೆದುಕೊಳ್ಳುತ್ತಾನೆ. ಇದಕ್ಕೆ ಫೋನಿನಲ್ಲಿ ಹೆಂಡತಿ ಅಡ್ಡ ಬಂದಳು.

"ನನ್ನ ತಮ್ಮಂಗೆ ಹೆಂಡ್ತಿಯಿಲ್ಲ, ಮಕ್ಕಳಿಲ್ಲ. ಎಲ್ಲಾದ್ರೂ ಬದುಕ್ಕೋತಾನೆ. ಬರೀರಿ."

"ಸುಳ್ಳು ಕಣೇ ಅದು."

"ಶಿಬಿರಕ್ಕೆ ರಜೆ ಸಿಗ್ಲಿ ಅಂತ ನಿಮಗೆ ಜಾಂಡಿಸ್ ಅಂತ ಅರ್ಜಿ ಬರ್ದಿದ್ದು ಯಾರ್ರೀ? ನಾನು. ಆಗ ಎಲ್ಲಿ ಹೋಗಿತ್ತು ನಿಮ್ಮ ಸತ್ಯ?"

ಶಿಬಿರಕ್ಕೆ ಹೋದ ಮೇಲೆ ಮೊದಲ ಬಾರಿ ಅವನಿಗೆ ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆ.

"ಮುಳ್ಳು ಏರುವಾಗ ನೀವೂ ಅಲ್ಲೇ ಇದ್ರಲ್ಲ ಸ್ವಾಮಿ? ಒಂದೊಂದೇ ಸಾಲು ಬರ್ಕೊಂಡು ಕೂತಿದ್ರಿ. ನೀವ್ಯಾಕೆ ಆರಿಸ್ಲಿಲ್ಲ?"

ಆರಿಸಿದ್ದರೆ ಕಥೆ ಆಗುತ್ತಿರಲಿಲ್ಲ ಎಂದೆ.

"ಹಾಗಾದ್ರೆ ಫಾರಂ ನೀವೇ ತುಂಬಿ" ಎಂದು ಪೆನ್ನನ್ನು ನನ್ನ ಕಡೆ ತಳ್ಳಿದ.

ಗೋಡೆ ಗಡಿಯಾರದಲ್ಲಿ ನಾಲ್ಕು ಐವತ್ತೆರಡು. ನಾನು ಇನ್ನೊಂದು ಸಾಲು ಬರೆದರೆ ಐವತ್ತಮೂರು. ಬರೆಯುವುದಿಲ್ಲ.