ಕಾಗದ ತೂರುವಷ್ಟು ಜಾಗ

ಸೈಕಲ್ ರಿಪೇರಿ ಅಂಗಡಿ ಇಟ್ಟ ಅಣ್ಣನೊಬ್ಬನಿದ್ದನಂತೆ. ಅವನ ತಮ್ಮ ಸೈಕಲ್ ಪಂದ್ಯದ ಸವಾರ. ಆ ವರ್ಷ ಗೆದ್ದರೆ ಮಾತ್ರ ಅವನಿಗೆ ತಂಡದಲ್ಲಿ ಸ್ಥಾನ. ವೇಗ ಹೆಚ್ಚಲೆಂದು ಪೆಡಲಿನ ಬಳಿ ದೊಡ್ಡ ಹಲ್ಲುಚಕ್ರ ಕೂರಿಸಿಕೊಡಲು ಅವನು ಅಣ್ಣನನ್ನು ಕೇಳಿದ. ಅಣ್ಣ ಸೈಕಲ್ಲನ್ನು ಸ್ಟ್ಯಾಂಡಿಗೆ ನೇತುಹಾಕಿ, ಚಕ್ರ ಕೂರಿಸಿ, ಹಲ್ಲಿಗೂ ಫ್ರೇಮಿಗೂ ನಡುವೆ ಕಾಗದ ತೂರಿಸಿ ನೋಡಿದ.

“ತಾಗಲ್ಲ ಕಣೋ. ಹೋಗು, ಧೂಳೆಬ್ಬಿಸು!”

ಪಂದ್ಯದ ಕೊನೆಯ ಏರಿನಲ್ಲಿ ಎಲ್ಲರಿಗಿಂತ ಮುಂದಿದ್ದ ತಮ್ಮ ಎದ್ದುನಿಂತು ತುಳಿದಾಗ ಫ್ರೇಮ್ ತುಸು ಬಾಗಿತು. ಹಲ್ಲುಗಳು ಅದನ್ನು ಕಚ್ಚಿಕೊಂಡವು. ನಿಂತುಬಿಟ್ಟ ಅವನನ್ನು ಉಳಿದವರೆಲ್ಲ ದಾಟಿಹೋದರು. ಅವನು ಸೈಕಲ್ ತಳ್ಳಿಕೊಂಡು ಅಣ್ಣನ ಅಂಗಡಿಗೆ ಬಂದ.

“ನೇತುಹಾಕಿ ನೋಡಿದ್ಯಲ್ಲ ಅಣ್ಣಾ, ಹತ್ತಿ ತುಳಿದು ನೋಡ್ಬಾರ್ದಿತ್ತಾ?”

“ಅಷ್ಟು ಜೋರಾಗಿ ತುಳೀತೀಯ ಅಂತ ಅಂದ್ಕೊಂಡಿರ್ಲಿಲ್ಲ ಕಣೋ.”

“ಯಾವತ್ತು ಅಂದ್ಕೊಂಡಿದ್ದೆ ಹೇಳು?”

ಆಮೇಲೆ ತಮ್ಮ ಆ ಅಂಗಡಿಯ ಕಡೆ ತಲೆಹಾಕಲಿಲ್ಲವಂತೆ.